ದೇವರು ಬಂದ, ಧರ್ಮ ಬರಲಿಲ್ಲ: ‘ಜೋನ್ ಆಫ್ ಅರ್ಕೇಡಿಯಾ’ ನೋಡಿ ಮುಗಿಸಿದವರ ಬೇಸರ

ಕಿಟಕಿಪಕ್ಕ ಬರೆದದ್ದು:

‘ಜೋನ್ ಆಫ್ ಅರ್ಕೇಡಿಯಾ’ದ ಎರಡೂ ಸೀಸನ್‌ಗಳನ್ನು ನೋಡಿ ಮುಗಿಸಿದೆ. ಒಟ್ಟು 45 ಕಂತುಗಳು. ಇಷ್ಟು ಹೊತ್ತು ಕೊಟ್ಟ ಮೇಲೆ ಬೈಯುವ ಹಕ್ಕು ಬಂದಿದೆ ಎಂದುಕೊಂಡು ಈ ಚರ್ಚೆ ಶುರು ಮಾಡುತ್ತಿದ್ದೇನೆ. ಕಥೆಯ ಗುಟ್ಟುಗಳು ಬಯಲಾಗುತ್ತವೆ, ನೋಡಬೇಕೆಂದಿರುವವರು ಇಲ್ಲಿಗೇ ನಿಲ್ಲಿಸಿ.

ನೋಡದವರಿಗೆ ಹಿನ್ನೆಲೆ: 2003ರ ಸೆಪ್ಟೆಂಬರ್‌ನಲ್ಲಿ ಅಮೆರಿಕದ ಸಿಬಿಎಸ್ ವಾಹಿನಿಯಲ್ಲಿ ಶುರುವಾಗಿ 2005ರ ಏಪ್ರಿಲ್‌ನಲ್ಲಿ ನಿಂತುಹೋದ ಕೌಟುಂಬಿಕ ಧಾರಾವಾಹಿ ಇದು. ಸೃಷ್ಟಿಕರ್ತೆ ಬಾರ್ಬರಾ ಹಾಲ್. ಜೋನ್ ಜಿರಾರ್ಡಿ ಎಂಬ ಹದಿನಾರರ ಹುಡುಗಿಗೆ ದೇವರು ಕಾಣಿಸಿಕೊಳ್ಳುತ್ತಾನೆ. ಒಮ್ಮೆ ಚೆಂದದ ಹುಡುಗನಾಗಿ, ಒಮ್ಮೆ ಶಾಲೆಯ ಕ್ಯಾಂಟೀನಿನಲ್ಲಿ ಬಡಿಸುವ ಹೆಂಗಸಾಗಿ, ಒಮ್ಮೆ ಪುಟ್ಟ ಹುಡುಗಿಯಾಗಿ. ಬಂದವನು ಕೆಲಸ ಹೇಳುತ್ತಾನೆ: ಪುಸ್ತಕದಂಗಡಿಯಲ್ಲಿ ಕೆಲಸಕ್ಕೆ ಸೇರು, ಚೆಸ್ ಕ್ಲಬ್ಬಿಗೆ ಹೋಗು, ದೋಣಿ ಕಟ್ಟು. ಏಕೆಂದು ಹೇಳುವುದಿಲ್ಲ. ಅಪ್ಪ ಪೊಲೀಸ್ ಮುಖ್ಯಸ್ಥ. ಅಣ್ಣ ಕೆವಿನ್ ಕಾರು ಅಪಘಾತದ ನಂತರ ಗಾಲಿಕುರ್ಚಿ ಹಿಡಿದವನು. ತಮ್ಮ ಲ್ಯೂಕ್‌ಗೆ ವಿಜ್ಞಾನವೇ ಸರ್ವಸ್ವ. ಅಮ್ಮ ಹೆಲೆನ್ ಚರ್ಚ್ ಬಿಟ್ಟು ಎಷ್ಟೋ ಕಾಲವಾದ ಕ್ಯಾಥಲಿಕ್.

ಇಷ್ಟು ಒಳ್ಳೆಯ ಸಾಮಗ್ರಿ. ಆದರೆ ದೇವರನ್ನು ಕಂಡ ಹುಡುಗಿ ಕಂಡ ಮೇಲೆ ಏನು ಮಾಡುತ್ತಾಳೆ ಎನ್ನುವುದು ನನಗೆ ಬೇಕಿತ್ತು. ಪ್ರಾರ್ಥಿಸುತ್ತಾಳೆಯೇ? ಓದುತ್ತಾಳೆಯೇ? ಯಾವುದಾದರೂ ಒಂದು ಸಂಪ್ರದಾಯದ ಬಾಗಿಲು ತಟ್ಟಿ, ಒಳಗೆ ಹೋಗಿ, ಜಗಳವಾಡಿ ಹೊರಗೆ ಬರುತ್ತಾಳೆಯೇ? ಇವೆಲ್ಲ ಅಲ್ಲಲ್ಲಿ ಇಣುಕುತ್ತವೆ, ಯಾವುದೂ ನಿಲ್ಲುವುದಿಲ್ಲ. ಪ್ರತಿ ಕಂತಿನಲ್ಲಿ ದೇವರು ಒಂದು ಕೆಲಸ ಒಪ್ಪಿಸುತ್ತಾನೆ, ಜೋನ್ ಗೊಣಗುತ್ತಾ ಮಾಡುತ್ತಾಳೆ, ಕೊನೆಗೆ ಯಾರದೋ ಬದುಕಿನಲ್ಲಿ ಏನೋ ಸರಿಹೋಗುತ್ತದೆ. ಹುಡುಗಿ ಭಕ್ತೆಯೂ ಆಗಲಿಲ್ಲ, ವಿರಕ್ತೆಯೂ ಆಗಲಿಲ್ಲ. ದೇವರ ಓಲೆಕಾರಳಾಗಿಯೇ ಉಳಿದಳು.

ಹದಿಹರೆಯದವರು ಧರ್ಮದ ಕಡೆ ಹೊರಳುವುದನ್ನು ಕಿರುತೆರೆ ನೆಟ್ಟಗೆ ತೋರಿಸಿದ ಉದಾಹರಣೆ ಯಾರ ಬಳಿಯಾದರೂ ಇದೆಯೇ?

---

ಹಳೆಯ ರೇಡಿಯೋ:

ಸ್ವಲ್ಪ ನಿಧಾನ. ನೀವು ದೋಷ ಎನ್ನುತ್ತಿರುವುದು ಅವರು ತಿಳಿದೇ ಹಾಕಿಕೊಂಡ ಬೇಲಿ. ಬಾರ್ಬರಾ ಹಾಲ್ ತನ್ನ ಬರಹಗಾರರಿಗೆ ಹತ್ತು ನಿಯಮಗಳ ಪಟ್ಟಿಯನ್ನೇ ಕೊಟ್ಟಿದ್ದರು. ದೇವರು ನೇರವಾಗಿ ಕೈಹಾಕುವಂತಿಲ್ಲ. ಯಾವುದೇ ಒಂದು ಧರ್ಮವೇ ಸರಿ ಎನ್ನುವಂತಿಲ್ಲ. ದೇವರಿಗೆ ಒಲ್ಲೆ ಎನ್ನುವ ಸ್ವಾತಂತ್ರ್ಯ ಜೋನ್ ಸೇರಿ ಎಲ್ಲರಿಗೂ ಇದೆ. ಇಷ್ಟು ಕಟ್ಟುಪಾಡಿನೊಳಗೆ ಮೊದಲ ಸೀಸನ್ ಮಾಡಿದ್ದು ಸಣ್ಣ ಕೆಲಸವಲ್ಲ. 2004ರಲ್ಲಿ ಅತ್ಯುತ್ತಮ ನಾಟಕ ಸರಣಿಯ ಎಮ್ಮಿ ಪ್ರಶಸ್ತಿಗೆ ಅದು ನಾಮನಿರ್ದೇಶನಗೊಂಡಿತ್ತು, ಅದೂ ಮೊದಲ ವರ್ಷದಲ್ಲೇ.

ಗೆಳೆಯ ಆ್ಯಡಮ್‌ನ ಶಿಲ್ಪವನ್ನು ಜೋನ್ ಎಲ್ಲರೆದುರು ಒಡೆದುಹಾಕುವ ದೃಶ್ಯವನ್ನು ನೆನಪಿಸಿಕೊಳ್ಳಿ. ಅವಳಿಗೆ ಆ ಹುಡುಗ ಇಷ್ಟ, ಶಿಲ್ಪವೂ ಇಷ್ಟ. ಏಕೆ ಒಡೆದೆ ಎಂದು ಅವನು ಕೇಳಿದರೆ ಅವಳ ಬಾಯಲ್ಲಿ ಉತ್ತರವಿಲ್ಲ. ಹೇಳಿದರೆ ಹುಚ್ಚಿ ಎನ್ನುತ್ತಾರೆ, ಹೇಳದಿದ್ದರೆ ಪಾಪಿ. ಅತ್ತ ದರಿ, ಇತ್ತ ಪುಲಿ. ನಂಬಿಕೆಯ ಬೆಲೆ ಏನೆಂದು ಕೌಟುಂಬಿಕ ಧಾರಾವಾಹಿಯಲ್ಲಿ ಇದಕ್ಕಿಂತ ಚೆನ್ನಾಗಿ ತೋರಿಸಿದ್ದನ್ನು ನಾನು ನೋಡಿಲ್ಲ.

---

ಕಿಟಕಿಪಕ್ಕ:

ಆ ದೃಶ್ಯಕ್ಕೆ ನನ್ನ ತಕರಾರಿಲ್ಲ. ಅದೇ ಹಾದಿಯಲ್ಲಿ ಮುಂದುವರಿಯಬೇಕಿತ್ತು ಎಂಬುದೇ ತಕರಾರು. ಆಗಿದ್ದೇನು? ಮೊದಲ ಸೀಸನ್ನಿನ ಕೊನೆಗೆ ಜೋನ್‌ಗೆ ಉಣ್ಣಿ ಕಡಿತದಿಂದ ಬರುವ ಲೈಮ್ ರೋಗ ಎಂದು ಗೊತ್ತಾಗುತ್ತದೆ, ಇಷ್ಟು ದಿನ ಕಂಡ ದೇವರು ರೋಗದ ಭ್ರಮೆ ಇರಬಹುದು ಎಂಬ ಅನುಮಾನ ಹುಟ್ಟುತ್ತದೆ. ಅದ್ಭುತ ತಿರುವು! ಎರಡನೇ ಸೀಸನ್ ಪೂರ್ತಿ ಅದರ ಮೇಲೆ ನಡೆಯಬಹುದಿತ್ತು. ಅವಳು ಶಿಬಿರವೊಂದರಲ್ಲಿ ಚಿಕಿತ್ಸೆ ಪಡೆದು ಬರುತ್ತಾಳೆ, ದೇವರು ಮತ್ತೆ ಎದುರಾಗುತ್ತಾನೆ, ಕೆಲಸ ಒಪ್ಪಿಸುತ್ತಾನೆ, ಗಾಡಿ ಹಳೆಯ ಹಳಿಗೆ ಬಂದುಬಿಡುತ್ತದೆ. ಸಂಶಯವನ್ನು ಇಷ್ಟು ಅಗ್ಗಕ್ಕೆ ಮಾರಿದರೆ ನಂಬಿಕೆಗೆ ತಾನೇ ಯಾವ ಬೆಲೆ?

ನಿಯಮದ ಮಾತಿಗೆ: ದೇವರು ವರ ಕೊಟ್ಟರೂ ಪೂಜಾರಿ ಕೊಡ ಎನ್ನುವುದು ಇದಕ್ಕೇ. ಇಲ್ಲಿ ಪೂಜಾರಿ ಆ ಹತ್ತು ನಿಯಮಗಳ ಪಟ್ಟಿ.

---

ಶೂನ್ಯಸಂಪಾದಕ:

ನಾನು ನಾಸ್ತಿಕ, ಮೊದಲೇ ಹೇಳಿಬಿಡುತ್ತೇನೆ. ಧರ್ಮ ಕಡಿಮೆಯಾಯಿತು ಎಂದು ಒಬ್ಬರು ಅಳುತ್ತಿರುವುದನ್ನು ಓದಿ ನಗು ಬಂತು. ಶುಕ್ರವಾರ ರಾತ್ರಿ ಎಂಟು ಗಂಟೆಗೆ ಇಡೀ ದೇಶದ ಮನೆಗಳಿಗೆ ಹೋಗುವ ವಾಹಿನಿ ಅದು. ಒಂದು ಪಂಥವನ್ನು ಹೊಗಳಿದರೆ ಇನ್ನೊಂದಕ್ಕೆ ಕೋಪ, ತೆಗಳಿದರೆ ಜಾಹೀರಾತುದಾರರಿಗೆ ನಡುಕ. ಹಾಗಾಗಿ ಎಲ್ಲರಿಗೂ ಒಗ್ಗುವ, ಯಾರಿಗೂ ಸೇರದ ದೇವರನ್ನು ತಯಾರಿಸುತ್ತಾರೆ. ಇದರಲ್ಲಿ ಆಶ್ಚರ್ಯವೇನಿದೆ?

ಆ ದೇವರೂ ಸಾಕಾದಾಗ ಏನು ಮಾಡಿದರು ಗೊತ್ತಲ್ಲ. ಪ್ರೇಕ್ಷಕರ ಸಂಖ್ಯೆ ಇಳಿಯಿತು, ಅದೇ ಶುಕ್ರವಾರದ ಹೊತ್ತಿಗೆ ‘ಘೋಸ್ಟ್ ವಿಸ್ಪರರ್’ ತಂದರು. ದೇವರೊಡನೆ ಮಾತನಾಡುವವಳು ಹೋಗಿ ದೆವ್ವಗಳೊಡನೆ ಮಾತನಾಡುವವಳು ಬಂದಳು. ದೆವ್ವವಾದರೆ ಯುವ ಪ್ರೇಕ್ಷಕರು ಹೆಚ್ಚು ಸಿಗುತ್ತಾರೆ ಎಂದು ವಾಹಿನಿಯ ಮುಖ್ಯಸ್ಥರೇ ಬಹಿರಂಗವಾಗಿ ಹೇಳಿದ್ದರು. ನನ್ನಂಥವನಿಗೆ ಇದಕ್ಕಿಂತ ರಸವತ್ತಾದ ಪುರಾವೆ ಬೇಕಿಲ್ಲ.

---

ಸಂಜೆಮಲ್ಲಿಗೆ:

ಶೂನ್ಯಸಂಪಾದಕರೇ, ಹೆಸರು ಮಾತ್ರ ಭಾರೀ ಇಟ್ಟುಕೊಂಡಿದ್ದೀರಿ!

ಜಾಹೀರಾತಿನ ವಾದ ಅರ್ಧ ಸರಿ. ಅದೇ ಕಾಲದಲ್ಲಿ ‘ಸೆವೆಂತ್ ಹೆವನ್’ 1996ರಿಂದ 2007ರವರೆಗೆ ಹನ್ನೊಂದು ಸೀಸನ್ ಓಡಿತು. ಅದರಲ್ಲಿ ಅಪ್ಪನೇ ಪಾದ್ರಿ, ಮನೆ ತುಂಬ ಏಳು ಮಕ್ಕಳು. ಅಂದರೆ ಧರ್ಮ ತೆರೆಯ ಮೇಲೆ ಬಂದರೆ ಯಾರೂ ಟಿವಿ ಆರಿಸುತ್ತಿರಲಿಲ್ಲ. ಆದರೆ ಅಲ್ಲಿ ಧರ್ಮವೆಂದರೆ ಒಳ್ಳೆಯ ನಡತೆ. ಸುಳ್ಳು ಹೇಳಬೇಡ, ಕುಡಿಯಬೇಡ, ಅಪ್ಪನ ಮಾತು ಕೇಳು. ಮಕ್ಕಳು ಅಪ್ಪನ ನಂಬಿಕೆಯ ಗಡಿ ದಾಟಿದಾಗ ಮಾತ್ರ ಕಥೆ ಸ್ವಲ್ಪ ಎದ್ದು ಕೂರುತ್ತಿತ್ತು. ಹಿರಿಯ ಮಗ ಮ್ಯಾಟ್ ಯಹೂದಿ ಧರ್ಮಗುರುವಿನ ಮಗಳನ್ನು ಮದುವೆಯಾಗಲು ಮತಾಂತರದ ಯೋಚನೆ ಮಾಡಿದಾಗ, ಎಲ್ಲರಿಗೂ ಬುದ್ಧಿ ಹೇಳುವ ಆ ಪಾದ್ರಿಯ ಮುಖ ಕಪ್ಪಿಡುತ್ತದೆ. ಅದು ನಿಜವಾದ ಕ್ಷಣ. ಉಳಿದದ್ದು ನೀತಿಪಾಠ.

---

ಅರೆಬರೆ ಓದುಗ:

ಈ ಚರ್ಚೆಗೆ ಸಮಾಜಶಾಸ್ತ್ರದಿಂದ ಒಂದು ಹಿಡಿ ಉಪ್ಪು.

ಜೋನ್ ಪ್ರಸಾರವಾಗುತ್ತಿದ್ದ ಹೊತ್ತಿಗೇ ಅಮೆರಿಕದಲ್ಲಿ ಹದಿಹರೆಯದವರ ಧಾರ್ಮಿಕತೆಯ ಬಗ್ಗೆ ದೊಡ್ಡ ರಾಷ್ಟ್ರೀಯ ಅಧ್ಯಯನ ನಡೆಯುತ್ತಿತ್ತು. ಕ್ರಿಶ್ಚಿಯನ್ ಸ್ಮಿತ್ ಮತ್ತು ಮೆಲಿಂಡಾ ಲುಂಡ್‌ಕ್ವಿಸ್ಟ್ ಡೆಂಟನ್ 2005ರಲ್ಲಿ ಅದರ ಫಲಿತಾಂಶವನ್ನು ಪುಸ್ತಕವಾಗಿ ತಂದರು. ಬಹುಪಾಲು ಹುಡುಗ ಹುಡುಗಿಯರ ದೇವರು ಹೇಗಿದ್ದ ಎಂದರೆ: ಒಳ್ಳೆಯವರಾಗಿರಿ ಎನ್ನುತ್ತಾನೆ, ಸಂತೋಷವಾಗಿರಿ ಎನ್ನುತ್ತಾನೆ, ತೊಂದರೆ ಬಂದಾಗ ಕರೆದರೆ ಬರುತ್ತಾನೆ, ಉಳಿದ ಹೊತ್ತು ದೂರ ಇರುತ್ತಾನೆ. ಅರ್ಧ ಮನೆಯಾಳು, ಅರ್ಧ ಮನೋಚಿಕಿತ್ಸಕ. ಜೋನ್‌ಳ ದೇವರು ಇದರ ತಿರುಗುಮುರುಗು. ಕರೆದಾಗ ಬರುವುದಿಲ್ಲ, ಕರೆಯದಿದ್ದಾಗ ಬಸ್ಸಿನಲ್ಲಿ ಪಕ್ಕಕ್ಕೆ ಬಂದು ಕೂರುತ್ತಾನೆ. ಅಷ್ಟರ ಮಟ್ಟಿಗೆ ಹಾಲ್ ತನ್ನ ಕಾಲಕ್ಕಿಂತ ಚುರುಕಾಗಿದ್ದರು ಎನ್ನಬೇಕು.

ಅದೇ ಅಧ್ಯಯನದ ಇನ್ನೊಂದು ಮಾತು ಎಲ್ಲ ಧಾರಾವಾಹಿ ಬರಹಗಾರರ ಮೇಜಿನ ಮೇಲೆ ಇರಬೇಕು. ಹದಿಹರೆಯದವರಲ್ಲಿ ಹೆಚ್ಚಿನವರು ಧರ್ಮದ ವಿಷಯದಲ್ಲಿ ಅಪ್ಪ ಅಮ್ಮನಂತೆಯೇ ಇರುತ್ತಾರೆ. ಧರ್ಮವನ್ನು ಬಂಡಾಯವಾಗಿ ಹಿಡಿಯುವ ಮಗು ಅಪರೂಪ. ಕಿರುತೆರೆಗೆ ಮಾತ್ರ ಅದೊಂದೇ ಮಗು ಗೊತ್ತು.

ಇನ್ನೂ ಹಿಂದಕ್ಕೆ ಹೋದರೆ 1899ರಲ್ಲೇ ಎಡ್ವಿನ್ ಸ್ಟಾರ್‌ಬಕ್ ಎಂಬ ಮನಶ್ಶಾಸ್ತ್ರಜ್ಞ ಧಾರ್ಮಿಕ ಪರಿವರ್ತನೆ ಹೆಚ್ಚಾಗಿ ಹದಿಹರೆಯದಲ್ಲಿ ಆಗುತ್ತದೆ ಎಂದು ಬರೆದಿದ್ದ. ಪಾಪಪ್ರಜ್ಞೆ, ಚಡಪಡಿಕೆ, ಆಮೇಲೆ ಒಮ್ಮೆಲೇ ಬಿಡುಗಡೆ. ಇಷ್ಟು ಹಳೆಯ ತಿಳಿವಳಿಕೆ ಇದ್ದೂ ತೆರೆಯ ಮೇಲೆ ಈ ವಿಷಯ ಏಕೆ ಯಾವಾಗಲೂ ರೋಗಲಕ್ಷಣದಂತೆ ಬರುತ್ತದೆ?

---

ಶೂನ್ಯಸಂಪಾದಕ:

ಅದು ರೋಗಲಕ್ಷಣವೇ ಆಗಿರುವುದರಿಂದ.

(ತಮಾಷೆಗೆ. ಅರ್ಧ.)

---

ಮೂರನೇ ಮಹಡಿ:

ತಮಾಷೆ ಬಿಡಿ, ಟೆಕ್ಸಸ್‌ನ ಶಾಲಾ ಫುಟ್‌ಬಾಲ್ ತಂಡದ ಸುತ್ತಲಿನ ಧಾರಾವಾಹಿ ‘ಫ್ರೈಡೇ ನೈಟ್ ಲೈಟ್ಸ್’ನ ಎರಡನೇ ಸೀಸನ್ನಿನಲ್ಲಿ ಅವರು ಮಾಡಿದ್ದು ಅದನ್ನೇ. ಲೈಲಾ ಗ್ಯಾರಿಟಿಯ ಅಪ್ಪ ಅಮ್ಮ ಬೇರೆಯಾಗುತ್ತಾರೆ, ಪ್ರೇಮ ಮುರಿಯುತ್ತದೆ, ಎರಡನೇ ಸೀಸನ್ ಶುರುವಾಗುವಾಗ ಹುಡುಗಿ ಕ್ರಿಸ್ತಭಕ್ತೆ. ಪರಿವರ್ತನೆ ಆದ ಬೇಸಿಗೆಯನ್ನು ನಮಗೆ ತೋರಿಸಲೇ ಇಲ್ಲ! ಪಾತ್ರದ ಬದುಕಿನ ಅತಿ ದೊಡ್ಡ ಘಟನೆ ಎರಡು ಸೀಸನ್‌ಗಳ ನಡುವಿನ ರಜೆಯಲ್ಲಿ ನಡೆದುಹೋಯಿತು. ಸೆರೆಮನೆಯಲ್ಲಿರುವವರಿಗೆ ಧರ್ಮಬೋಧೆ ಮಾಡಲು ಹೋಗುತ್ತಾಳೆ, ಸದ್ಗುಣಿ ಹುಡುಗನೊಬ್ಬ ಜೊತೆಯಾಗುತ್ತಾನೆ. 2007ರ ಕೊನೆಗೆ ಬರಹಗಾರರ ಮುಷ್ಕರ ಬಂದು ಆ ಸೀಸನ್ 15 ಕಂತುಗಳಿಗೇ ನಿಂತಿತು. ಮೂರನೆಯದು ಬಂದಾಗ ಲೈಲಾ ಮತ್ತೆ ಟಿಮ್ ರಿಗಿನ್ಸ್ ಜೊತೆ, ಆ ಭಕ್ತಿ ಎತ್ತ ಹೋಯಿತೆಂದು ಯಾರೂ ಕೇಳಲಿಲ್ಲ.

ಆ ಧಾರಾವಾಹಿ ಉಳಿದೆಲ್ಲ ವಿಷಯಗಳಲ್ಲಿ ಎಷ್ಟು ಪ್ರಾಮಾಣಿಕವಾಗಿತ್ತು ಎಂದು ನೆನೆದರೆ ಇದು ಇನ್ನೂ ಚುಚ್ಚುತ್ತದೆ.

---

ಬೆಳಗಿನ ಪಾಳಿ:

ಹದಿನೇಳರಲ್ಲಿ ಧರ್ಮ ಹಿಡಿದವನು ನಾನು. ಯಾವ ಧರ್ಮ ಎನ್ನುವುದು ಇಲ್ಲಿ ಮುಖ್ಯವಲ್ಲ. ಮನೆಯಲ್ಲಿ ಯಾರೂ ಆ ಕಡೆ ತಲೆ ಹಾಕಿದವರಲ್ಲ. ಆ ಅನುಭವ ಇರುವವನಾಗಿ ಒಂದು ಮಾತು.

ತೆರೆಯ ಮೇಲೆ ಎಂದೂ ಬಾರದ್ದು ಆಲಸ್ಯ ಮತ್ತು ಬೇಸರ. ಮೊದಲ ಕೆಲವು ತಿಂಗಳು ನೆಲದ ಮೇಲೆ ಕಾಲು ನಿಲ್ಲುವುದಿಲ್ಲ. ಸಿಕ್ಕವರಿಗೆಲ್ಲ ಉಪದೇಶ. ಊಟದ ಮುಂದೆ ಕಣ್ಣು ಮುಚ್ಚಿ ಕುಳಿತು, ಎಲ್ಲರೂ ನೋಡುತ್ತಿದ್ದಾರೆಯೇ ಎಂದು ಒಂದು ಕಣ್ಣನ್ನು ಸ್ವಲ್ಪವೇ ತೆರೆದು ನೋಡುವುದು. ಆಮೇಲೆ ಒಂದು ದಿನ ಪ್ರಾರ್ಥನೆಗೆ ಕುಳಿತರೆ ಏನೂ ಆಗುವುದಿಲ್ಲ. ಮರುದಿನವೂ ಆಗುವುದಿಲ್ಲ. ಬಾಯಿ ಪದಗಳನ್ನು ಹೇಳುತ್ತಿದೆ, ತಲೆ ಪರೀಕ್ಷೆಯ ಅಂಕಗಳನ್ನು ಎಣಿಸುತ್ತಿದೆ. ಹಾಗೆ ಒಣಗಿದ ಮೇಲೂ ಕುಳಿತುಕೊಳ್ಳುವುದೋ ಎದ್ದುಹೋಗುವುದೋ ಎನ್ನುವುದೇ ನನ್ನ ಪಾಲಿಗೆ ನಿಜವಾದ ಕಥೆಯಾಗಿತ್ತು. ಜೋನ್‌ಳ ದೇವರು ವಾರಕ್ಕೊಮ್ಮೆ ತಪ್ಪದೆ ಹಾಜರಿ ಹಾಕುತ್ತಿದ್ದ. ಅಂಥ ದೇವರಿದ್ದರೆ ನಂಬುವುದರಲ್ಲಿ ಏನು ಹೆಚ್ಚುಗಾರಿಕೆ?

---

ಎರಡು ಮಕ್ಕಳ ಅಮ್ಮ:

ಬೆಳಗಿನ ಪಾಳಿಯವರ ಮಾತು ಓದಿ ನಗುತ್ತಾ ಬರೆಯುತ್ತಿದ್ದೇನೆ, ಏಕೆಂದರೆ ನಾನು ಬಾಗಿಲಿನ ಈಚೆ ಬದಿಯಲ್ಲಿ ನಿಂತವಳು. ದೇವರ ಗೋಜಿಗೆ ಹೋಗದ ಮನೆ ನಮ್ಮದು. ಮಗಳ ಕೋಣೆಯಿಂದ ರಾತ್ರಿ ಹೊತ್ತು ಮೆಲುದನಿಯ ಮಾತು ಕೇಳುತ್ತಿತ್ತು. ಯಾರೋ ಹುಡುಗನಿರಬೇಕು ಎಂದುಕೊಂಡೆ. ಬಾಗಿಲಿಗೆ ಕಿವಿ ಕೊಟ್ಟರೆ (ಹೌದು, ಕೊಟ್ಟೆ, ಎಲ್ಲ ಅಮ್ಮಂದಿರೂ ಕೊಡುತ್ತಾರೆ) ಅವಳು ಪ್ರಾರ್ಥನೆಯ ಒಂದೇ ಸಾಲನ್ನು ಮತ್ತೆ ಮತ್ತೆ ಹೇಳುತ್ತಿದ್ದಾಳೆ. ಉಚ್ಚಾರ ತಪ್ಪಿದ ಕಡೆ ನಿಲ್ಲಿಸಿ, ಮೊದಲಿನಿಂದ. ಹುಡುಗನಾಗಿದ್ದರೆ ಏನು ಹೇಳಬೇಕೆಂದಾದರೂ ನನಗೆ ಗೊತ್ತಿರುತ್ತಿತ್ತು!

ನನಗಾದದ್ದು ಭಯಕ್ಕಿಂತ ಹೆಚ್ಚಾಗಿ ಅವಮಾನ. ನಾವು ಕೊಟ್ಟದ್ದರಲ್ಲಿ ಏನು ಕಡಿಮೆಯಾಯಿತು ಎಂದು ಈ ಹುಡುಗಿ ಬೇರೆ ಕಡೆ ಹುಡುಕುತ್ತಿದ್ದಾಳೆ ಎಂಬ ಸಿಟ್ಟು. ಧಾರಾವಾಹಿಗಳಲ್ಲಿ ಅಮ್ಮಂದಿರು ಕಣ್ಣೀರು ಹಾಕುತ್ತಾರೆ, ಅಪ್ಪಂದಿರು ಕೂಗಾಡುತ್ತಾರೆ. ಈ ಹೊಟ್ಟೆಕಿಚ್ಚನ್ನು ಮಾತ್ರ ಯಾರೂ ತೋರಿಸುವುದಿಲ್ಲ.

---

ಸಂಜೆಮಲ್ಲಿಗೆ:

ತೋರಿಸಿದ್ದಾರೆ! ‘ದಿ ಅಮೆರಿಕನ್ಸ್’ ನೋಡಿ. ಬೇಹುಗಾರಿಕೆಯ ಕಥೆ ಎಂದು ದೂರ ಇಡಬೇಡಿ, ನನ್ನ ಪ್ರಕಾರ ಈ ಚರ್ಚೆಯ ಪ್ರಶ್ನೆಗೆ ಉತ್ತರ ಅದೇ.

ಎಫ್‌ಎಕ್ಸ್ ವಾಹಿನಿಯಲ್ಲಿ 2013ರಿಂದ 2018ರವರೆಗೆ ಆರು ಸೀಸನ್ ಬಂತು. ಕಥೆ ನಡೆಯುವುದು 1980ರ ದಶಕದಲ್ಲಿ, ವಾಷಿಂಗ್ಟನ್ನಿನ ಹೊರವಲಯದಲ್ಲಿ. ಫಿಲಿಪ್ ಮತ್ತು ಎಲಿಜಬೆತ್ ಅಮೆರಿಕನ್ನರಂತೆ ಬದುಕುತ್ತಿರುವ ಸೋವಿಯತ್ ಬೇಹುಗಾರರು. ಮಕ್ಕಳಿಗೆ ಅದು ಗೊತ್ತಿಲ್ಲ. ಎರಡನೇ ಸೀಸನ್ನಿನಲ್ಲಿ ಮಗಳು ಪೇಜ್‌ಗೆ ಬಸ್ಸಿನಲ್ಲಿ ಹುಡುಗಿಯೊಬ್ಬಳ ಪರಿಚಯವಾಗುತ್ತದೆ, ಅವಳ ಜೊತೆ ಚರ್ಚಿಗೆ ಹೋಗತೊಡಗುತ್ತಾಳೆ. ತನ್ನ ಉಳಿತಾಯದ ಹಣವನ್ನು ಚರ್ಚಿಗೆ ಕೊಟ್ಟುಬಿಡುತ್ತಾಳೆ. ಅಪ್ಪ ಅವಳ ಎದುರಿಗೇ ಬೈಬಲ್ಲಿನ ಹಾಳೆಗಳನ್ನು ಹರಿಯುತ್ತಾನೆ. ಯೇಸುವಿಗೆ ಗೌರವ, ನಮಗಿಲ್ಲವೇ ಎಂಬುದು ಅವನ ಕೂಗು. ಅಮ್ಮ ನಡುರಾತ್ರಿ ಎಬ್ಬಿಸಿ ಮನೆಗೆಲಸಕ್ಕೆ ಹಚ್ಚುತ್ತಾಳೆ. ಇಬ್ಬರೂ ತಮ್ಮದೇ ಮತವೊಂದಕ್ಕೆ ಪ್ರಾಣ ಒತ್ತೆ ಇಟ್ಟವರು, ಆದ್ದರಿಂದಲೇ ಮಗಳ ಮತ ಅವರಿಗೆ ಅಷ್ಟು ಉರಿಯುತ್ತದೆ. ಎರಡು ಮಕ್ಕಳ ಅಮ್ಮ ಅವರೇ, ನಿಮ್ಮ ಹೊಟ್ಟೆಕಿಚ್ಚು ಅಲ್ಲಿ ಸಾಕ್ಷಾತ್ ನಿಂತಿದೆ.

ಮುಂದಿನದು ಇನ್ನೂ ಕ್ರೂರ. ಮೂರನೇ ಸೀಸನ್ನಿನಲ್ಲಿ ಪೇಜ್ ಹುಟ್ಟುಹಬ್ಬದ ಊಟಕ್ಕೆ ಪಾದ್ರಿ ಟಿಮ್‌ನನ್ನು ಕರೆಸಿ, ಉಡುಗೊರೆಯಾಗಿ ದೀಕ್ಷಾಸ್ನಾನಕ್ಕೆ ಒಪ್ಪಿಗೆ ಕೇಳುತ್ತಾಳೆ. ಸ್ನಾನವೂ ಆಗುತ್ತದೆ. ಆಮೇಲೆ ಅಪ್ಪ ಅಮ್ಮನ ಗುಟ್ಟು ತಿಳಿಯುತ್ತದೆ. ತಡೆಯಲಾರದೆ ಅದನ್ನು ಪಾದ್ರಿಗೆ ಹೇಳಿಬಿಡುತ್ತಾಳೆ. ಅಲ್ಲಿಂದ ಮುಂದೆ ಚರ್ಚಿಗೆ ಹೋಗುವುದು ಅವಳ ಮೇಲೆ ಹೇರಿದ ಕೆಲಸ: ಪಾದ್ರಿ ಬಾಯಿ ಬಿಡದಂತೆ ನೋಡಿಕೊಳ್ಳಬೇಕು. ಮೊದಲು ಹೋಗಬೇಡ ಎಂದು ಜಗಳವಾಡಿದ ಅಮ್ಮನೇ ಈಗ ತಪ್ಪದೆ ಹೋಗು ಎನ್ನುತ್ತಾಳೆ. ಐದನೇ ಸೀಸನ್ನಿನಲ್ಲಿ ಪೇಜ್ ಕೊರಳಿನ ಶಿಲುಬೆಯನ್ನು ತೆಗೆದು ಕಸದ ಬುಟ್ಟಿಗೆ ಹಾಕುತ್ತಾಳೆ. ಪಾದ್ರಿ ಊರು ಬಿಡುವವರೆಗೆ ಅದನ್ನು ಧರಿಸಿಕೊಂಡೇ ಇರಬೇಕು ಎಂದು ಎಲಿಜಬೆತ್ ಹೇಳುತ್ತಾಳೆ. ನಂಬಿಕೆ ಸತ್ತ ಮೇಲೂ ಅದರ ವೇಷ ಹೊರಬೇಕಾದ ಹುಡುಗಿ!

---

ಕಿಟಕಿಪಕ್ಕ:

ಇದನ್ನು ನೋಡಿದ್ದೇನೆ, ಮೆಚ್ಚಿದ್ದೇನೆ. ಆದರೂ ಒಂದು ಮಾತು ಕೇಳುತ್ತೇನೆ. ಅಲ್ಲಿಯೂ ಪೇಜ್‌ಳ ಭಕ್ತಿ ನಮಗೆ ಕಾಣುವುದು ಅಪ್ಪ ಅಮ್ಮನ ಕಣ್ಣಿನಿಂದ. ಅವಳು ಒಬ್ಬಳೇ ಪ್ರಾರ್ಥಿಸುವಾಗ ಏನಾಗುತ್ತದೆ? ಪಾದ್ರಿ ಟಿಮ್‌ನ ರಾಜಕೀಯ ಇಷ್ಟವಾಗಿ ಚರ್ಚಿಗೆ ಹೋದಳೋ, ಕ್ರಿಸ್ತ ಇಷ್ಟವಾಗಿಯೋ? ಅಣ್ವಸ್ತ್ರ ವಿರೋಧಿ ಪ್ರತಿಭಟನೆಗೆ ಹೋದದ್ದು ತೋರಿಸಿದರು, ದೇವರ ಜೊತೆಗಿನ ವ್ಯವಹಾರ ತೋರಿಸಲಿಲ್ಲ. ಒಳ್ಳೆಯ ಧಾರಾವಾಹಿಯೂ ಬಾಗಿಲ ಹೊರಗೇ ನಿಂತಿತು.

---

ಹಳೆಯ ರೇಡಿಯೋ:

ಅದು ಕಿರುತೆರೆಯ ದೋಷವಲ್ಲ, ಕಥೆ ಹೇಳುವವರೆಲ್ಲರ ಹಳೆಯ ಚಾಳಿ. ಮಗು ಭಕ್ತನಾಗಿ ಮನೆಯಲ್ಲಿ ರಂಪವಾಗುವ ಕಥೆ ನಮಗೆ ಹೊಸದೇ? ಪ್ರಹ್ಲಾದನ ಕಥೆ ಇನ್ನೇನು? ಆದರೆ ನೋಡಿ, 1983ರ ‘ಭಕ್ತ ಪ್ರಹ್ಲಾದ’ ಚಿತ್ರದಲ್ಲಿ ಪ್ರಹ್ಲಾದನಾಗಿದ್ದವನು ಬಾಲಕ ಪುನೀತ್, ಹಿರಣ್ಯಕಶಿಪುವಾಗಿದ್ದವರು ರಾಜ್‌ಕುಮಾರ್. ದೊಡ್ಡ ನಟನಿಗೆ ಅಪ್ಪನ ಪಾತ್ರ. ಆರ್ಭಟ, ಅಹಂಕಾರ, ಮಗನ ಮೇಲಿನ ಪ್ರೀತಿ, ಅದರ ಜೊತೆಯಲ್ಲೇ ಕೊಲ್ಲುವ ಹಟ, ಎಲ್ಲ ಬಣ್ಣವೂ ಅಪ್ಪನಲ್ಲಿ. ಮಗನಿಗೆ ಒಂದೇ ಬಣ್ಣ. ಅವನು ಮೊದಲಿನಿಂದ ಕೊನೆಯವರೆಗೆ ಅಚಲ. ಅಚಲನಾದವನ ಮೇಲೆ ಕ್ಯಾಮೆರಾ ಎಷ್ಟು ಹೊತ್ತು ನಿಲ್ಲಲು ಸಾಧ್ಯ?

---

ಬೆಳಗಿನ ಪಾಳಿ:

ಇದಕ್ಕೇ ನನ್ನ ವಿರೋಧ. ಭಕ್ತನಾದ ಮಗು ಅಚಲ ಎಂದು ಯಾರು ಹೇಳಿದರು? ಪುರಾಣದ ಮಗು ಹಾಗಿರಬಹುದು, ಪುರಾಣಕ್ಕೆ ಅದು ಬೇಕು. ಇತಿಹಾಸದ ಜೋನ್‌ಳನ್ನೇ ತೆಗೆದುಕೊಳ್ಳಿ, ಈ ಧಾರಾವಾಹಿ ಹೆಸರು ಎರವಲು ಪಡೆದಿರುವ ಫ್ರಾನ್ಸಿನ ಹುಡುಗಿ. ಸುಮಾರು ಹದಿಮೂರರಲ್ಲಿ ಅವಳಿಗೆ ಸಂತರ ದನಿಗಳು ಕೇಳಿಸಿದವು. ಮೊದಮೊದಲು ಹೆದರಿದೆ ಎಂದು ಅವಳೇ ವಿಚಾರಣೆಯಲ್ಲಿ ಹೇಳಿದ್ದು ದಾಖಲಾಗಿದೆ. ಸೆರೆಯಲ್ಲಿ ಒಮ್ಮೆ ಬೆಂಕಿಗೆ ಹೆದರಿ ಎಲ್ಲವನ್ನೂ ತಳ್ಳಿಹಾಕುವ ಪತ್ರಕ್ಕೆ ಗುರುತು ಹಾಕಿದಳು, ಕೆಲವೇ ದಿನಗಳಲ್ಲಿ ಅದನ್ನೂ ಹಿಂತೆಗೆದುಕೊಂಡಳು. 1431ರ ಮೇ 30ರಂದು ರೂಆನ್ ನಗರದಲ್ಲಿ ಸುಟ್ಟರು, ಆಗ ಅವಳಿಗೆ ಸುಮಾರು ಹತ್ತೊಂಬತ್ತು. ಹೆದರಿಕೆ, ಹಟ, ಹಿಂಜರಿತ, ಪಶ್ಚಾತ್ತಾಪ. ಇದರಲ್ಲಿ ಒಂದೇ ಬಣ್ಣ ಎಲ್ಲಿದೆ?

---

ಮೂರನೇ ಮಹಡಿ:

ಈಚಿನ ವರ್ಷಗಳಲ್ಲಿ ಇನ್ನೊಂದು ಕಾಯಿಲೆ ಸೇರಿಕೊಂಡಿದೆ. ಹುಡುಗಿ ಇಸ್ಲಾಂ ಕಡೆ ತಿರುಗಿದರೆ ಕಥೆ ನೇರವಾಗಿ ಬಾಂಬಿನ ಕಡೆ ಹೋಗುತ್ತದೆ. 2020ರ ಸ್ವೀಡನ್ನಿನ ‘ಕಲೀಫಾತ್’ ಎಂಟು ಕಂತುಗಳ ಒಳ್ಳೆಯ ಥ್ರಿಲ್ಲರ್, ಒಪ್ಪುತ್ತೇನೆ. ಹದಿನೈದರ ಸುಲ್ಲೆಯನ್ನು ಶಾಲೆಯಲ್ಲೇ ಇರುವ ಒಬ್ಬ ಮೆಲ್ಲಗೆ ಬಲೆಗೆ ಕೆಡಹುವ ಬಗೆ ನೋಡಿದರೆ ಮೈ ನಡುಗುತ್ತದೆ. ಆದರೆ ತೆರೆಗೆ ಈ ದಾರಿ ಮಾತ್ರ ಗೊತ್ತಿದ್ದರೆ ಹೇಗೆ?

ಅದಕ್ಕೇ ನಾರ್ವೆಯ ‘ಸ್ಕಾಮ್’ನ ನಾಲ್ಕನೇ ಸೀಸನ್ (2017) ನನಗೆ ಮುಖ್ಯ. ಸನಾ ಹೊಸದಾಗಿ ಧರ್ಮ ಹಿಡಿದವಳಲ್ಲ, ಹುಟ್ಟಿನಿಂದ ಮುಸ್ಲಿಂ. ಆದರೆ ಅದನ್ನು ತನ್ನದಾಗಿ ಮಾಡಿಕೊಳ್ಳಬೇಕಾದ ವಯಸ್ಸು. ಹಿಜಾಬ್, ನಮಾಜು, ಗೆಳತಿಯರ ಪಾರ್ಟಿಗಳು, ಧರ್ಮವನ್ನು ನಂಬದ ಹುಡುಗನ ಮೇಲೆ ಹುಟ್ಟಿದ ಮನಸ್ಸು. ಇಲ್ಲಿ ಧರ್ಮ ಸಮಸ್ಯೆಯಲ್ಲ, ಅವಳ ದಿನಚರಿ.

---

ಸಂಜೆಮಲ್ಲಿಗೆ:

ಅದರಲ್ಲೂ ಕೊನೆಗೆ ಕೈಕೊಟ್ಟರು, ಮರೆಯಬೇಡಿ. ಸೀಸನ್ ಪೂರ್ತಿ ಒಬ್ಬರದೇ ದೃಷ್ಟಿಯಿಂದ ಹೋಗಬೇಕೆಂಬುದು ಆ ಸರಣಿಯ ಕಟ್ಟುನಿಟ್ಟು. ಸನಾಳ ಪಾಳಿ ಬಂದಾಗ ಕೊನೆಯ ಕಂತನ್ನು ಬೇರೆ ಬೇರೆ ಪಾತ್ರಗಳಿಗೆ ಹಂಚಿಬಿಟ್ಟರು. ವಿದಾಯ ಹೇಳಬೇಕಿತ್ತು, ಸರಿ. ಆದರೆ ಅವಳ ಪಾಲಿನಿಂದಲೇ ಏಕೆ ಕತ್ತರಿಸಬೇಕಿತ್ತು?

---

ಅರೆಬರೆ ಓದುಗ:

ಎಲ್ಲರೂ ಒಬ್ಬಳನ್ನು ಮರೆತಿದ್ದೀರಿ. ಜೋನ್‌ಳ ಗೆಳತಿ ಗ್ರೇಸ್ ಪೋಕ್.

ಕಿಟಕಿಪಕ್ಕ ಅವರೇ, ನೀವು ಹುಡುಕುತ್ತಿರುವ ಹುಡುಗಿ ಅದೇ ಧಾರಾವಾಹಿಯಲ್ಲಿ ಎರಡನೇ ಬೆಂಚಿನಲ್ಲಿ ಕುಳಿತಿದ್ದಾಳೆ. ಚರ್ಮದ ಜಾಕೆಟ್, ಎಲ್ಲರ ಮೇಲೂ ಸಿಡಿಮಿಡಿ, ಯಾವ ವ್ಯವಸ್ಥೆಗೂ ತಲೆಬಾಗದವಳು. ಅಪ್ಪ ಯಹೂದಿ ಧರ್ಮಗುರು, ಅಮ್ಮ ಕುಡಿತಕ್ಕೆ ಬಿದ್ದವಳು. ಅಂಥವಳು ಎರಡನೇ ಸೀಸನ್ನಿನಲ್ಲಿ, ವಯಸ್ಸು ಮೀರಿದ ಮೇಲೆ, ತನ್ನ ಬಾತ್ ಮಿತ್ಸ್ವಾ (ಯಹೂದಿ ಹುಡುಗಿಯರು ಧರ್ಮದ ಹೊಣೆ ಹೊರುವ ವಿಧಿ) ಮಾಡಿಕೊಳ್ಳುತ್ತಾಳೆ. ದೇವರು ಅವಳಿಗೆ ಕಾಣಿಸಿಕೊಳ್ಳುವುದಿಲ್ಲ, ಕೆಲಸ ಹೇಳುವುದಿಲ್ಲ. ತನ್ನ ಹಿಂದಿನವರ ಗ್ರಂಥದ ಮುಂದೆ ತಾನೇ ಹೋಗಿ ನಿಲ್ಲುತ್ತಾಳೆ. ಪ್ರಶ್ನೆ ಕೇಳುವುದನ್ನೇ ಭಕ್ತಿ ಎಂದು ಒಪ್ಪುವ ಸಂಪ್ರದಾಯದೊಳಗೆ ಬಂಡಾಯದ ಹುಡುಗಿಗೆ ಜಾಗ ಸಿಗುತ್ತದೆ. ಒಂದು ಕಂತು ಅಷ್ಟೇ. ಆದರೆ ಇಡೀ 45ರಲ್ಲಿ ಹದಿಹರೆಯದವಳೊಬ್ಬಳು ಒಂದು ಧರ್ಮವನ್ನು ಹೆಸರಿಟ್ಟು ಕೈಹಿಡಿಯುವುದು ಅಲ್ಲಿ.

ಇನ್ನೊಂದು ವಿಚಿತ್ರ: ಜಿರಾರ್ಡಿ ಮನೆಯಲ್ಲಿ ಧರ್ಮದ ಕಡೆ ಹೊರಳುವವಳು ಅಮ್ಮ. ಹಿಂದೆ ಸನ್ಯಾಸಿನಿಯಾಗಿದ್ದ ಲಿಲಿಯ ಬಳಿ ಹೆಲೆನ್ ಕುಳಿತು ಕಲಿಯುತ್ತಾಳೆ, ವಾದಿಸುತ್ತಾಳೆ. ಮಗಳಿಗೆ ದೇವರು, ಅಮ್ಮನಿಗೆ ಧರ್ಮ ಎಂದು ಪಾಲು ಮಾಡಿದಂತಿದೆ.

---

ಕಿಟಕಿಪಕ್ಕ:

ಗ್ರೇಸ್ ವಿಷಯದಲ್ಲಿ ನಿಮ್ಮ ಮಾತು ನೂರಕ್ಕೆ ನೂರು ಸರಿ. ಅದು ನನ್ನ ಬೇಸರವನ್ನು ಹೆಚ್ಚಿಸುತ್ತದೆಯೇ ಹೊರತು ಕಡಿಮೆ ಮಾಡುವುದಿಲ್ಲ. ಇವರಿಗೆ ಮಾಡಲು ಬರುತ್ತಿತ್ತು! ಅಮ್ಮನ ಕಲಿಕೆ ನಿಧಾನವಾಗಿ, ಮರ್ಯಾದೆಯಿಂದ ಸಾಗುತ್ತದೆ. ಪಕ್ಕದ ಪಾತ್ರವಾದ ಗ್ರೇಸ್‌ಗೂ ಒಂದು ಪೂರ್ಣ ಕಂತು ಸಿಗುತ್ತದೆ. ನಡುವೆ ನಿಂತ ನಾಯಕಿಗೆ ಮಾತ್ರ ಆ್ಯಡಮ್‌ನ ದ್ರೋಹ, ಜುಡಿತ್‌ಳ ಸಾವು, ಕೊನೆಗೆ ರಯಾನ್ ಹಂಟರ್ ಎಂಬ ಖಳ. ಅವನಿಗೂ ದೇವರು ಕಾಣುತ್ತಾನಂತೆ, ಆದರೆ ಅವನು ದೇವರ ಎದುರು ನಿಂತವನಂತೆ. ಗೆಳತಿಯ ಸಾವಿನಂಥ ಘಟನೆ ನಂಬಿಕೆಯನ್ನು ಬುಡಸಮೇತ ಅಲ್ಲಾಡಿಸಬೇಕಿತ್ತು. ಜೋನ್ ಸಿಟ್ಟಾಗುತ್ತಾಳೆ, ಕೆಲವು ಕಂತುಗಳ ನಂತರ ಮತ್ತೆ ಕೆಲಸಕ್ಕೆ ಹಾಜರು. ಖಳ ಬಂದ ಹೊತ್ತಿಗೆ ಧಾರಾವಾಹಿಯೇ ರದ್ದಾಯಿತು, ಕಥೆ ಬಾಯಿ ತೆರೆದುಕೊಂಡೇ ನಿಂತಿತು.

---

ಶೂನ್ಯಸಂಪಾದಕ:

ಖಳ ಬಂದದ್ದೇ ಒಳ್ಳೆಯದಾಯಿತು ಎನ್ನುತ್ತೇನೆ. ದೇವರನ್ನು ಕಣ್ಣಾರೆ ಕಂಡೂ ಅವನಿಗೆ ವಿಧೇಯನಾಗದ ಮನುಷ್ಯ. ನನ್ನಂಥವನಿಗೆ ಆ ಧಾರಾವಾಹಿಯಲ್ಲಿ ಅರ್ಥವಾದ ಏಕೈಕ ಪಾತ್ರ ಅವನದು. ಕಾಣುವ ದೇವರನ್ನು ನಂಬುವುದು ದೊಡ್ಡದಲ್ಲ ಎಂದು ಬೆಳಗಿನ ಪಾಳಿಯವರು ಹೇಳಿದರಲ್ಲ, ಅದನ್ನು ಮಾತ್ರ ನಾನೂ ಒಪ್ಪುತ್ತೇನೆ. ಭಕ್ತರೊಬ್ಬರ ಮಾತಿಗೆ ತಲೆದೂಗಿದ್ದು ನನಗೇ ಹೊಸದು.

---

ಎರಡು ಮಕ್ಕಳ ಅಮ್ಮ:

ಒಂದು ಪ್ರಶ್ನೆ. ಮಗಳ ಜೊತೆ ಕುಳಿತು ನೋಡಬೇಕೆಂದಿದ್ದೇನೆ, ಅವಳಿಗೆ ಈಗ ಹತ್ತೊಂಬತ್ತು, ಪ್ರಾರ್ಥನೆ ಇನ್ನೂ ಬಿಟ್ಟಿಲ್ಲ. ಯಾವುದರಿಂದ ಶುರು ಮಾಡಲಿ? ಅಪ್ಪ ಬೈಬಲ್ ಹರಿಯುವ ದೃಶ್ಯದಿಂದ ಬೇಡ, ನಮ್ಮ ಮನೆಯಲ್ಲಿ ಆ ಘಟ್ಟ ದಾಟಿದೆ.

---

ಸಂಜೆಮಲ್ಲಿಗೆ:

ಹಾಗಾದರೆ ‘ಸ್ಕಾಮ್’. ಕಂತುಗಳು ಚಿಕ್ಕವು. ನಾಲ್ಕನೇ ಸೀಸನ್ನಿಗೆ ನೇರವಾಗಿ ಹೋಗಬೇಡಿ, ಸನಾಳನ್ನು ಮೊದಲ ಮೂರರಲ್ಲಿ ಗೆಳತಿಯಾಗಿ ಕಂಡು ಆಮೇಲೆ ಅವಳ ಮನೆಯೊಳಗೆ ಹೋದರೆ ರುಚಿ ಬೇರೆ.

---

ಬೆಳಗಿನ ಪಾಳಿ:

ಅಥವಾ ಯಾವುದನ್ನು ನೋಡೋಣ ಎಂದು ಮಗಳನ್ನೇ ಕೇಳಿ. ನನ್ನನ್ನು ಆಗ ಯಾರೂ ಕೇಳಲಿಲ್ಲ.

---

ಎರಡು ಮಕ್ಕಳ ಅಮ್ಮ:

ಕೇಳಿದೆ. ಪೊಲೀಸ್ ಕಥೆ ಯಾವುದಾದರೂ ಇದ್ದರೆ ಹಾಕು, ಧರ್ಮದ್ದು ಬೇಡ ಎಂದಳು.